ಕಂಟ್ರೋಲ್-ಆಲ್ಟ್ ಒತ್ತಿ, ಫೋನ್ ಮಾಡಿ: ಸೈಡ್‌ಕಿಕ್ ಡಯಲರ್ ಬಳಸುವುದು ಹೀಗೆ

ಹಳೇ ಪಿಸಿಗಳ ಆಪರೇಟಿಂಗ್ ಸಿಸ್ಟಂ ಆದ ಡಾಸ್‌ನಲ್ಲಿ ಒಮ್ಮೆಗೆ ಒಂದೇ ಪ್ರೋಗ್ರಾಂ ನಡೆಯುತ್ತದೆ. ಪತ್ರ ಟೈಪ್ ಮಾಡುವಾಗ ಯಾರದೋ ಫೋನ್ ನಂಬರ್ ಬೇಕಾದರೆ ಪತ್ರ ಸೇವ್ ಮಾಡಿ, ಹೊರಬಂದು, ಇನ್ನೊಂದು ಫೈಲ್ ತೆರೆಯಬೇಕಿತ್ತು. 1984ರಲ್ಲಿ ಬೋರ್ಲ್ಯಾಂಡ್ ಕಂಪನಿ ಬಿಡುಗಡೆ ಮಾಡಿದ ಸೈಡ್‌ಕಿಕ್ ಈ ತಾಪತ್ರಯ ತಪ್ಪಿಸಿತು. ಒಮ್ಮೆ ಲೋಡ್ ಮಾಡಿದರೆ ಅದು ಮೆಮೊರಿಯಲ್ಲೇ ಉಳಿದು, ಕೀಬೋರ್ಡಿನ ಮೇಲೆ ಕಣ್ಣಿಟ್ಟಿರುತ್ತದೆ. ಕಂಟ್ರೋಲ್ ಮತ್ತು ಆಲ್ಟ್ ಒಟ್ಟಿಗೆ ಒತ್ತಿದರೆ ತೆರೆಯ ಮೇಲೆ ಮೆನು ಬರುತ್ತದೆ, ಎಸ್ಕೇಪ್ ಒತ್ತಿದರೆ ಮಾಯವಾಗುತ್ತದೆ. ಹಳೇ ಪಿಸಿಗೆ ಮತ್ತೆ ಜೀವ ಕೊಡಲು ಹೊರಟವರು ಮೋಡೆಮ್ ಮೂಲಕ ತಾನೇ ನಂಬರ್ ತಿರುಗಿಸುವ ಇದರ ಫೋನ್ ಡಯಲರನ್ನು ಒಮ್ಮೆಯಾದರೂ ಬಳಸಿ ನೋಡಬೇಕು.

ಮೊದಲು ತಂತಿಗಳ ಕೆಲಸ. ಹೇಯ್ಸ್ ಆಜ್ಞೆಗಳನ್ನು (‘ಎಟಿ’ಯಿಂದ ಶುರುವಾಗುವ ಆಜ್ಞೆಗಳು) ಒಪ್ಪುವ ಮೋಡೆಮ್, ಅಂದರೆ ಪಿಸಿಯನ್ನು ಫೋನ್ ಲೈನಿಗೆ ಜೋಡಿಸುವ ಸಾಧನ, ಬೇಕು. ಅದರ ಹಿಂದೆ ಸಾಮಾನ್ಯವಾಗಿ ಎರಡು ಸಾಕೆಟ್ ಇರುತ್ತವೆ: ಗೋಡೆಯಿಂದ ಬರುವ ತಂತಿ ‘ಲೈನ್’ಗೆ, ಟೆಲಿಫೋನ್ ‘ಫೋನ್’ಗೆ. ಅದಲುಬದಲಾದರೆ ಮೋಡೆಮ್ ಲೈನ್ ಹಿಡಿದ ಮೇಲೆ ಫೋನಿನ ಕಥೆ ಎಡವಟ್ಟಾಗುತ್ತದೆ. ಮೋಡೆಮ್ ಯಾವ ಸೀರಿಯಲ್ ಪೋರ್ಟಿನಲ್ಲಿದೆ (ಕಾಮ್1ರಿಂದ ಕಾಮ್4) ಎಂಬುದನ್ನೂ ನೋಡಿ. ಕಾಮ್1 ಮತ್ತು ಕಾಮ್3 ಎರಡೂ ರೂಢಿಯಲ್ಲಿ ಐಆರ್‌ಕ್ಯೂ 4 (ಸಾಧನ ಪಿಸಿಯ ಗಮನ ಸೆಳೆಯುವ ಸಂಕೇತದ ತಂತಿ) ಬಳಸುತ್ತವೆ, ಕಾಮ್2 ಮತ್ತು ಕಾಮ್4ಗೆ ಐಆರ್‌ಕ್ಯೂ 3. ಮೌಸ್ ಕಾಮ್1ರಲ್ಲಿದ್ದರೆ ಮೋಡೆಮನ್ನು ಕಾಮ್2ಕ್ಕೆ ಹಾಕಿ. ಕಾಮ್3ಕ್ಕೆ ಹಾಕಿದರೆ ಎರಡರಲ್ಲಿ ಒಂದು ಸತ್ತಂತೆ ಬಿದ್ದಿರುತ್ತದೆ.

ಸೈಡ್‌ಕಿಕ್‌ಗೆ ಕೈಹಾಕುವ ಮುಂಚೆ ಮೋಡೆಮನ್ನು ನೇರವಾಗಿ ಪರೀಕ್ಷಿಸುವುದು ಒಳ್ಳೆಯದು. ಯಾವುದಾದರೂ ಟರ್ಮಿನಲ್ ಪ್ರೋಗ್ರಾಂನಲ್ಲಿ ‘ಎಟಿ’ ಎಂದು ಟೈಪಿಸಿ ಎಂಟರ್ ಒತ್ತಿ, ‘ಓಕೆ’ ಬರಬೇಕು. ಆಮೇಲೆ ‘ಎಟಿಡಿಟಿ’, ಅದಾದ ಮೇಲೆ ನಂಬರ್, ಕೊನೆಗೆ ಅರ್ಧವಿರಾಮ (;). ಆ ಅರ್ಧವಿರಾಮ ಮರೆಯಬೇಡಿ. ಅದು ಇದ್ದರೆ ಡಯಲ್ ಮಾಡಿದ ಮೇಲೆ ಮೋಡೆಮ್ ಮುಂದಿನ ಆಜ್ಞೆಗೆ ಸಿದ್ಧವಾಗುತ್ತದೆ. ಇಲ್ಲದಿದ್ದರೆ ಆ ತುದಿಯಲ್ಲಿ ಇನ್ನೊಂದು ಮೋಡೆಮ್ ಕಿರುಚಲಿ ಎಂದು ಕಾಯುತ್ತದೆ, ಎಸ್7 ಎಂಬ ಮೋಡೆಮ್ ರಿಜಿಸ್ಟರಿನಲ್ಲಿ ಬರೆದಷ್ಟು ಸೆಕೆಂಡು ಕಳೆದ ಮೇಲೆ ಲೈನ್ ಕಡಿಯುತ್ತದೆ. ಆಫೀಸಿನ ಎಕ್ಸ್‌ಚೇಂಜ್ ದಾಟಿ ಹೊರಹೋಗಲು ಸೊನ್ನೆ ಒತ್ತಬೇಕಿದ್ದರೆ ಸೊನ್ನೆಯಾದ ಮೇಲೆ ಒಂದು ಅಲ್ಪವಿರಾಮ (,) ಹಾಕಿ. ಮೋಡೆಮ್ 2 ಸೆಕೆಂಡು ನಿಂತು ಮುಂದುವರಿಯುತ್ತದೆ.

ಇನ್ನು ಎಸ್‌ಕೆಇನ್‌ಸ್ಟ್ ಎಂಬ ಅಳವಡಿಕೆ ಪ್ರೋಗ್ರಾಂ ಓಡಿಸಿ ಪೋರ್ಟು ಯಾವುದು, ಡಯಲ್ ಮಾಡುವುದು ಟೋನ್ (ಅಂಕಿಗೊಂದು ಸ್ವರ) ಮೂಲಕವೋ ಪಲ್ಸ್ (ಅಂಕಿಗೆ ತಕ್ಕಷ್ಟು ಮಿಡಿತ) ಮೂಲಕವೋ ಎಂದು ತಿಳಿಸಿ. ಎಂಬತ್ತರ ದಶಕದಲ್ಲಿ ನಮ್ಮ ಸ್ಟ್ರೌಜರ್ (ಹಳೇ ಯಾಂತ್ರಿಕ) ಎಕ್ಸ್‌ಚೇಂಜುಗಳಿಗೆ ಪಲ್ಸೇ ಗತಿ: ಸೆಕೆಂಡಿಗೆ 10 ಮಿಡಿತ, ಸೊನ್ನೆಗೆ ಹತ್ತೂ ಮಿಡಿತ. ಎಸ್‌ಟಿಡಿ ನಂಬರ್ ಮುಗಿಯಲು ಹನ್ನೆರಡು-ಹದಿಮೂರು ಸೆಕೆಂಡು ಹಿಡಿಯುತ್ತಿತ್ತು. ಈಗಿನ ಫೈಬರ್ ಪೆಟ್ಟಿಗೆಯ ಫೋನ್ ಸಾಕೆಟ್ ಎಷ್ಟೋ ಕಡೆ ಪಲ್ಸನ್ನು ಗುರುತಿಸುವುದೇ ಇಲ್ಲ, ಟೋನ್ ಆರಿಸಿ.

ಲೋಡ್ ಮಾಡುವಾಗ ಸೈಡ್‌ಕಿಕ್ ಕೊನೆಯದಾಗಿರಲಿ. ಪಿಸಿ ಶುರುವಾದಾಗ ತಾನೇ ಓಡುವ ಆಟೋಎಕ್ಸೆಕ್ ಫೈಲಿನಲ್ಲಿ, ಮೆಮೊರಿಯಲ್ಲೇ ಉಳಿಯುವ ಮಿಕ್ಕೆಲ್ಲ ಪ್ರೋಗ್ರಾಂಗಳ ನಂತರ ‘ಎಸ್‌ಕೆ’ ಸಾಲು ಬರಬೇಕು. ಕೀಬೋರ್ಡಿನ ಯಜಮಾನಿಕೆ ತನ್ನದೇ ಆಗಬೇಕೆಂಬ ಹಟ ಇದಕ್ಕೆ; ಇದರ ಮೇಲೆ ಇನ್ನೊಂದು ಕೂತರೆ ಪಿಸಿ ಜಾಮ್ ಆಗುವುದುಂಟು.

ಫೋನ್ ಪುಸ್ತಕ ಎಂದರೆ ಫೋನ್.ಡಿಐಆರ್ ಎಂಬ ಸಾದಾ ಪಠ್ಯ ಫೈಲು, ಅಷ್ಟೇ. ಮೆನುವಿನಲ್ಲಿ ಎಫ್2 ಒತ್ತಿ ನೋಟ್‌ಪ್ಯಾಡ್ ತೆರೆಯಿರಿ, ಎಫ್3 ಒತ್ತಿ ಆ ಹೆಸರು ಕೊಡಿ. ಒಬ್ಬರಿಗೆ ಒಂದೇ ಸಾಲು: ಮೊದಲು ಇನಿಷಿಯಲ್, ಆಮೇಲೆ ಹೆಸರು, ಕೊನೆಗೆ ನಂಬರ್. ನೋಟ್‌ಪ್ಯಾಡ್ ಒಳಗೆ ಎಫ್2 ಒತ್ತಿದರೆ ಸೇವ್. ಹುಡುಕಾಟ ನಡೆಯುವುದು ಇನಿಷಿಯಲ್ ಮೇಲೆ. ಇದು ಅಮೆರಿಕದವರಿಗೆ ಸಲೀಸು, ನಮ್ಮಲ್ಲಿ ಕೆ.ಎಸ್., ಬಿ.ಎನ್. ಎನ್ನುವವರು ಬೀದಿಗೆ ನಾಲ್ಕು ಜನ. ಹಾಗಾಗಿ ಅಪ್ಪನ ಹೆಸರು, ಊರಿನ ಹೆಸರು ಬಿಟ್ಟು, ನೀವು ಅವರನ್ನು ಕರೆಯುವ ಹೆಸರಿನಿಂದಲೇ ಎರಡು-ಮೂರು ಅಕ್ಷರ ತೆಗೆದುಕೊಳ್ಳಿ. ಕನ್ನಡ ಲಿಪಿ ಇಲ್ಲಿ ನಡೆಯದು, ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು. ಹಳೇ ಡೈರೆಕ್ಟರಿಯಿಂದ ನಕಲು ಮಾಡುವವರು ಜೋಪಾನ: ಬೆಂಗಳೂರಿನ 0812 ಕೋಡ್ 080 ಆಗಿ ಎಷ್ಟೋ ಕಾಲವಾಯಿತು. 2021ರ ಜನವರಿಯಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಕರೆ ಮಾಡಲು ನಂಬರಿನ ಶುರುವಿಗೆ ಸೊನ್ನೆ ಬೇಕು. ಅದನ್ನು ಫೈಲಿನಲ್ಲೇ ಸೇರಿಸಿಬಿಡಿ.

ಕರೆ ಮಾಡಲು ಮೆನುವಿನಲ್ಲಿ ಎಫ್5. ಆಗ ತೆರೆಯ ಮೇಲಿರುವ ಪತ್ರದಲ್ಲೇ ಫೋನ್ ನಂಬರಿದ್ದರೆ ಡಯಲರ್ ಅದನ್ನೇ ಎತ್ತಿಕೊಳ್ಳುತ್ತದೆ. ಇದರ ನಿಜವಾದ ಚಮತ್ಕಾರ ಇದೇ. ಆದರೆ ಹೈಲೈಟ್ ಆಗಿರುವುದು ಫೋನ್ ನಂಬರೋ ಬಿಲ್ ನಂಬರೋ ನೋಡಿಕೊಂಡು ಎಂಟರ್ ಒತ್ತಿ. ಡಯಲ್ ಮುಗಿದ ಮೇಲೆ ಮೊದಲು ರಿಸೀವರ್ ಎತ್ತಿ, ಆಮೇಲೆ ತೆರೆಯಲ್ಲಿ ಹೇಳಿದ ಕೀಲಿ ಒತ್ತಿ ಮೋಡೆಮನ್ನು ಬಿಡಿಸಿ. ಕ್ರಮ ತಪ್ಪಿ ಮೋಡೆಮ್ ಮೊದಲು ಕೈಬಿಟ್ಟರೆ ಲೈನ್ ಹಿಡಿಯಲು ಯಾರೂ ಇಲ್ಲದೆ ಕರೆ ಕಡಿದುಹೋಗುತ್ತದೆ. ಕೆಲವು ಮೋಡೆಮ್‌ಗಳು ತಾವು ಲೈನಿನಲ್ಲಿರುವಷ್ಟು ಹೊತ್ತು ‘ಫೋನ್’ ಸಾಕೆಟನ್ನು ಬಂದ್ ಮಾಡುತ್ತವೆ. ರಿಸೀವರಿನಲ್ಲಿ ಸದ್ದೇ ಇಲ್ಲವೆಂದು ಇಟ್ಟುಬಿಡಬೇಡಿ, ಕೀಲಿ ಒತ್ತಿದೊಡನೆ ರಿಂಗ್ ಕೇಳಿಸುತ್ತದೆ.

ಗ್ರಾಫಿಕ್ಸ್ ತೆರೆಯಲ್ಲಿ ಮೆನು ಸರಿಯಾಗಿ ಮೂಡದು. ಪಠ್ಯ ತೆರೆಗೆ ಮರಳಿದ ಮೇಲೆ ಅದನ್ನು ಕರೆಯಿರಿ. ಹೊಸ ಕಂಪ್ಯೂಟರಿನಲ್ಲಿ ಹಳೇ ಪಿಸಿಯಂತೆ ನಟಿಸುವ ಡಾಸ್‌ಬಾಕ್ಸ್‌ನಂಥ ಎಮ್ಯುಲೇಟರಿನಲ್ಲಿ ಫೋನ್ ಪುಸ್ತಕ ಚೆನ್ನಾಗಿ ತೆರೆಯುತ್ತದೆ, ಫೋನ್ ಮಾತ್ರ ಮೊಳಗದು: ಅಲ್ಲಿನ ಮೋಡೆಮ್ ಮಾತಾಡುವುದು ಇಂಟರ್ನೆಟ್ ಮೂಲಕ. ಕಂಟ್ರೋಲ್-ಆಲ್ಟ್ ಅನ್ನು ಎಮ್ಯುಲೇಟರೇ ನುಂಗಿದರೆ ಎರಡೂ ಶಿಫ್ಟ್ ಕೀಲಿಗಳನ್ನು ಒಟ್ಟಿಗೆ ಒತ್ತಿ.