454ರಿಂದ 496ಕ್ಕೆ: ಬಿಗ್ ಬ್ಲಾಕ್ ಸ್ಟ್ರೋಕರ್ ಕಟ್ಟುವ ಕ್ರಮ

ಸ್ಟ್ರೋಕರ್ ಕಿಟ್‌ನ ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ, ಬಿಚ್ಚಿ ನೇರವಾಗಿ ಬ್ಲಾಕಿಗೆ (ಎಂಜಿನ್ನಿನ ಮೂಲ ಎರಕಕ್ಕೆ) ಕೂರಿಸುವ ವಸ್ತು ಅದಲ್ಲ. ಪಿಸ್ಟನ್ ಓಡುವ ದೂರ ಹೆಚ್ಚಿಸಿ ಎಂಜಿನ್ ಗಾತ್ರ ಹಿಗ್ಗಿಸುವ ಕ್ರ್ಯಾಂಕ್, ರಾಡ್, ಪಿಸ್ಟನ್‌ಗಳ ಕಟ್ಟು ಅದು. ಷೆವರ್ಲೆಯ ಬಿಗ್ ಬ್ಲಾಕ್ (ದೊಡ್ಡ ವಿ8) ಎಂಜಿನ್ನಾದ 454 ಘನ ಇಂಚಿನದನ್ನು 496 ಮಾಡಲು ಹೋಗಿ ಕೆಡಿಸಿಕೊಳ್ಳುವವರು ಸಾಮಾನ್ಯವಾಗಿ ಎಡವುವುದು ಒಂದೇ ಕಡೆ. ಎಲ್ಲವನ್ನೂ ಒಮ್ಮೆ ಸುಮ್ಮನೆ ಜೋಡಿಸಿ, ಕೈಯಲ್ಲಿ ತಿರುಗಿಸಿ, ಅಳೆದು, ಮತ್ತೆ ಪೂರ್ತಿ ಬಿಚ್ಚುವ ಕೆಲಸವನ್ನು ಅವರು ಹಾರಿಸಿಬಿಡುತ್ತಾರೆ.

1970ರಲ್ಲಿ ಬಂದ 454ರ ಬೋರ್ (ಸಿಲಿಂಡರಿನ ಒಳವ್ಯಾಸ) 4.250 ಇಂಚು, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 4.000 ಇಂಚು. ಬೋರನ್ನು 60 ಥೌ ಹಿಗ್ಗಿಸಿ 4.310 ಮಾಡಿ, 4.250 ಸ್ಟ್ರೋಕಿನ ಕ್ರ್ಯಾಂಕ್ (ಪಿಸ್ಟನ್‌ಗಳ ಏರಿಳಿತವನ್ನು ತಿರುಗುವಿಕೆಯಾಗಿಸುವ ದಂಡ) ಹಾಕಿದರೆ 496 ಘನ ಇಂಚು, ಅಂದರೆ ಸುಮಾರು 8.1 ಲೀಟರ್. (ಒಂದು ಥೌ ಎಂದರೆ ಇಂಚಿನ ಸಾವಿರದ ಒಂದು ಪಾಲು. ಬಿಡಿಭಾಗಗಳೆಲ್ಲ ಇಂಚಿನಲ್ಲೇ ಬರುವುದರಿಂದ ಇಲ್ಲಿ ಮಿಲಿಮೀಟರ್ ಬಳಸಿಲ್ಲ.) ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಓದುಗರು ಮೊದಲು ಕಾರಿನ ವರ್ಷ ನೋಡಿಕೊಳ್ಳಿ. 1975 ಮತ್ತು ಅದಕ್ಕೂ ಹಿಂದಿನ ಮಾಡೆಲ್‌ನ ಪೆಟ್ರೋಲ್ ಕಾರುಗಳಿಗೆ ಅಲ್ಲಿ ಹೊಗೆ ತಪಾಸಣೆಯಿಂದ ವಿನಾಯಿತಿ.

ಹಂತ 1: ಬ್ಲಾಕ್

1990ರವರೆಗಿನ ಮಾರ್ಕ್ 4 ಬ್ಲಾಕನ್ನೇ ಹುಡುಕಿ. 1991ರಿಂದ ಹಿಂಬದಿಯ ಮೇನ್ ಸೀಲ್ (ಕ್ರ್ಯಾಂಕಿನ ಹಿಂತುದಿಯಲ್ಲಿ ಎಣ್ಣೆ ಸೋರದಂತೆ ತಡೆಯುವುದು) ಒಂದೇ ತುಂಡಿನದಾಯಿತು, ಹೆಡ್ಡಿಗೆ (ಸಿಲಿಂಡರ್‌ಗಳ ಮೇಲಿನ ಮುಚ್ಚಳಕ್ಕೆ) ನೀರು ಹೋಗುವ ರಂಧ್ರಗಳೂ ಬದಲಾದವು. ಹಳೆಯ ಹೆಡ್ ಮತ್ತು ಗ್ಯಾಸ್ಕೆಟ್ ಅದರ ಮೇಲಿಟ್ಟರೆ ನೀರು ಸೋರುತ್ತದೆ. ರಸ್ತೆಯ ಬಳಕೆಗೆ ಎರಡು ಬೋಲ್ಟಿನ ಮೇನ್ ಕ್ಯಾಪ್ (ಕ್ರ್ಯಾಂಕನ್ನು ಬ್ಲಾಕಿಗೆ ಹಿಡಿದಿಡುವ ಪಟ್ಟಿ) ಸಾಕು. ಒಳ್ಳೆಯ ಸ್ಟಡ್ ಹಾಕಿ, ಸ್ಟಡ್ ಹಾಕಿದ ಮೇಲೆ ಲೈನ್ ಹೋನ್ ಮಾಡಿಸಿ (ಕ್ರ್ಯಾಂಕ್ ಕೂರುವ ರಂಧ್ರಗಳನ್ನು ಒಂದೇ ಸಾಲಿಗೆ ಉಜ್ಜಿಸುವುದು). ಬೋರ್ ಹಿಗ್ಗಿಸುವ ಮೊದಲು ಸಿಲಿಂಡರ್ ಗೋಡೆಗಳ ಸೋನಿಕ್ ಪರೀಕ್ಷೆ (ಶಬ್ದತರಂಗದಿಂದ ದಪ್ಪ ಅಳೆಯುವುದು) ಕಡ್ಡಾಯ. ಪಿಸ್ಟನ್ ಒತ್ತುವ ಬದಿಯಲ್ಲಿ ಹಿಗ್ಗಿಸಿದ ಮೇಲೂ 200 ಥೌ ಉಳಿಯದಿದ್ದರೆ ಬೇರೆ ಬ್ಲಾಕ್ ನೋಡಿ.

ಹಂತ 2: ಕಂಪ್ರೆಷನ್ ಲೆಕ್ಕ, ಆಮೇಲೆ ಖರೀದಿ

ಕಂಪ್ರೆಷನ್ ಎಂದರೆ ಪಿಸ್ಟನ್ ಸಿಲಿಂಡರಿನ ಗಾಳಿಯನ್ನು ಎಷ್ಟು ಪಟ್ಟು ಹಿಂಡುತ್ತದೆ ಎಂಬುದು. ಪಂಪಿನಲ್ಲಿ ಸಿಗುವ ಪೆಟ್ರೋಲಿಗೆ ಅಲ್ಯೂಮಿನಿಯಂ ಹೆಡ್ ಇದ್ದರೆ ಸುಮಾರು 10:1, ಕಬ್ಬಿಣದ ಹೆಡ್ ಇದ್ದರೆ 9.5:1. ಅದನ್ನು ಹೆಚ್ಚೇನೂ ದಾಟಬೇಡಿ. (ಅಮೆರಿಕದ ಪಂಪಿನ 91 ಆಕ್ಟೇನ್ ನಮ್ಮೂರ ಬಂಕಿನ 91 ಅಲ್ಲ; ಎಣಿಸುವ ಕ್ರಮ ಬೇರೆ, ಅಲ್ಲಿನದು ಹೆಚ್ಚು ತಾಳುತ್ತದೆ.)

ಲೆಕ್ಕ ಹೀಗೆ. ಒಂದು ಸಿಲಿಂಡರಿನ ಗಾತ್ರ 1016 ಸಿಸಿ. ಹೆಡ್ಡಿನ ಚೇಂಬರ್ 119 ಸಿಸಿ ಎನ್ನೋಣ. 39 ಥೌ ದಪ್ಪ, 4.370 ಬೋರಿನ ಗ್ಯಾಸ್ಕೆಟ್ 9.6 ಸಿಸಿ. ಪಿಸ್ಟನ್ ಡೆಕ್ಕಿಗಿಂತ (ಹೆಡ್ ಕೂರುವ ಬ್ಲಾಕಿನ ಮೇಲ್ಮೈಗಿಂತ) 20 ಥೌ ಕೆಳಗೆ ನಿಂತರೆ ಇನ್ನೂ 4.8 ಸಿಸಿ. ಇದಕ್ಕೆ 3 ಸಿಸಿ ವಾಲ್ವ್ ಕುಳಿಯಿರುವ ಚಪ್ಪಟೆ ಪಿಸ್ಟನ್ ಹಾಕಿದರೆ ಬರುವುದು 8.4:1 ಮಾತ್ರ, ಎಂಜಿನ್ ಸೋಮಾರಿಯಾಗುತ್ತದೆ. 18 ಸಿಸಿ ಉಬ್ಬಿನ ಪಿಸ್ಟನ್ ಹಾಕಿದರೆ 9.8. ಅದೇ ಪಿಸ್ಟನ್ನಿಗೆ ಡೆಕ್ ಕೊರೆಸಿ ಸೊನ್ನೆಗೆ ತಂದರೆ 10.2. ಡೆಕ್ ಕೊರೆಸಲು ಇನ್ನೊಂದು ಕಾರಣವಿದೆ. ಪಿಸ್ಟನ್ನಿಗೂ ಹೆಡ್ಡಿನ ಚಪ್ಪಟೆ ಭಾಗಕ್ಕೂ ನಡುವಿನ ಸಂದು 40 ಥೌ ಹತ್ತಿರ ಇದ್ದರೆ ನಾಕಿಂಗ್ (ಇಂಧನ ಅಂಕೆತಪ್ಪಿ ಉರಿದು ಟಕಟಕ ಎನ್ನುವುದು) ಕಡಿಮೆ. 60ಕ್ಕೆ ಹೋದರೆ ಕಂಪ್ರೆಷನ್ ಇಳಿಸಿದರೂ ಟಕಟಕ ನಿಲ್ಲುವುದಿಲ್ಲ. ಹೆಡ್ ಕಂಪನಿ ಹೇಳುವ ಸಿಸಿಯನ್ನು ನಂಬಬೇಡಿ. ಬ್ಯುರೆಟ್ಟಿನಿಂದ ನೀವೇ ತುಂಬಿಸಿ ಅಳೆಯಿರಿ.

ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ರಾಡ್ ಎರಡು ಉದ್ದದಲ್ಲಿ ಸಿಗುತ್ತದೆ: 6.135 ಇಂಚಿನದಕ್ಕೆ ಪಿನ್ನಿನಿಂದ ಮೇಲ್ಭಾಗದವರೆಗೆ 1.520 ಇಂಚಿನ ಪಿಸ್ಟನ್, 6.385ಕ್ಕೆ 1.270ರದು. ಉದ್ದನೆಯದನ್ನೇ ಕೊಳ್ಳಿ. ಚಿಕ್ಕ ರಾಡಿನಲ್ಲಿ ಪಿಸ್ಟನ್ ಕೆಳಗಿಳಿದಾಗ ಅದರ ಸ್ಕರ್ಟ್ (ಕೆಳಭಾಗದ ಅಂಚು) ಕ್ರ್ಯಾಂಕಿನ ಕೌಂಟರ್‌ವೇಟಿಗೆ ತಾಗುವ ಅಪಾಯವಿದೆ. ಪಿಸ್ಟನ್ ಫೋರ್ಜ್ಡ್ ಆಗಿರಲಿ. ಹೆಸರೇ ಇಲ್ಲದ ಅಗ್ಗದ ಕ್ರ್ಯಾಂಕ್‌ಗಳಲ್ಲಿ ಜರ್ನಲ್ (ಬೇರಿಂಗಿನೊಳಗೆ ತಿರುಗುವ ನುಣುಪು ಭಾಗ) ಒಂದು ತುದಿಯಲ್ಲಿ ದಪ್ಪ, ಇನ್ನೊಂದರಲ್ಲಿ ತೆಳು ಇರುವುದುಂಟು. ಮೈಕ್ರೊಮೀಟರ್ ಹಿಡಿದು ಪ್ರತಿ ಜರ್ನಲನ್ನೂ ಅಳೆಯದೆ ಹಣ ಪಾವತಿಸಬೇಡಿ.

ಹಂತ 3: ತಾತ್ಕಾಲಿಕ ಜೋಡಣೆ

ಇಡೀ ಕೆಲಸದ ಜೀವ ಇರುವುದು ಇಲ್ಲಿ. ಮೊದಲು ಮೇನ್ ಬೇರಿಂಗ್ ಹಾಕಿ, ಕ್ಯಾಪ್‌ಗಳನ್ನು ಪೂರ್ತಿ ಟಾರ್ಕಿಗೆ ಬಿಗಿದು, ಡಯಲ್ ಬೋರ್ ಗೇಜಿನಿಂದ ಅಳೆಯಿರಿ. ಬೇರಿಂಗಿಗೂ ಜರ್ನಲಿಗೂ ನಡುವೆ ಬೇಕಾದ ಸಂದು: ಮೇನ್‌ಗೆ 2.5ರಿಂದ 3 ಥೌ, ರಾಡ್‌ಗೆ ಸುಮಾರು 2.5 ಥೌ, ಕ್ರ್ಯಾಂಕ್ ಹಿಂದೆಮುಂದೆ ಜರುಗುವುದು 6ರಿಂದ 10 ಥೌ. ಪ್ಲಾಸ್ಟಿಗೇಜ್ (ನಡುವೆ ಇಟ್ಟು ಒತ್ತಿ ಸಂದು ಅಳೆಯುವ ಮೆತ್ತನೆಯ ಎಳೆ) ಅಡ್ಡ ಪರೀಕ್ಷೆಗಷ್ಟೇ, ತೀರ್ಮಾನಕ್ಕಲ್ಲ. ಹೊಸ ಕ್ರ್ಯಾಂಕಿನ ಜರ್ನಲ್ ಮೂಲೆಗಳು ದುಂಡಗೆ ದೊಡ್ಡದಾಗಿರುವುದರಿಂದ ಅಂಚು ಓರೆ ಮಾಡಿದ ರಾಡ್ ಬೇರಿಂಗ್ ಬೇಕು. ಸಾಮಾನ್ಯ ಬೇರಿಂಗ್ ಆ ಮೂಲೆಗೆ ಉಜ್ಜಿ ಬೇಗನೆ ಸವೆಯುತ್ತದೆ.

ಆಮೇಲೆ ರಿಂಗ್ ಹಾಕದೆ ಎಂಟೂ ಪಿಸ್ಟನ್ ಇಳಿಸಿ. ರಾಡಿನ ದೊಡ್ಡ ಕಣ್ಣಿನಲ್ಲಿ ಒಂದು ಬದಿಯ ಅಂಚು ಮಾತ್ರ ಓರೆಯಾಗಿರುತ್ತದೆ. ಆ ಬದಿ ಕ್ರ್ಯಾಂಕಿನ ಕೆನ್ನೆಯ ಕಡೆಗಿರಬೇಕು, ಚಪ್ಪಟೆ ಬದಿಗಳು ಪಕ್ಕದ ರಾಡಿಗೆ ಎದುರಾಗಬೇಕು. ಇದನ್ನು ತಿರುಗಾಮುರುಗಾ ಹಾಕಿದರೆ ಕ್ರ್ಯಾಂಕ್ ಬಿಗಿಯಾಗಿ ತಿರುಗುತ್ತದೆ. ಆಗ ಬೇರಿಂಗ್ ಸರಿಯಿಲ್ಲ ಎಂದು ಅಂಗಡಿಯವರ ಜತೆ ಜಗಳವಾಡಿ ಫಲವಿಲ್ಲ.

ಈಗ ನಿಧಾನವಾಗಿ ತಿರುಗಿಸಿ. ಸ್ಟ್ರೋಕ್ ಹೆಚ್ಚಿರುವುದರಿಂದ ಪ್ರತಿ ರಾಡ್ ಬೋಲ್ಟಿನ ಭುಜ ಮೊದಲಿಗಿಂತ 125 ಥೌ ಹೊರಗೆ ಸುತ್ತುತ್ತದೆ. ಅದು ಸಿಲಿಂಡರಿನ ಕೆಳ ಅಂಚಿಗೆ ಅಥವಾ ಆಯಿಲ್ ಪ್ಯಾನ್ ಕೂರುವ ಅಂಚಿಗೆ ತಾಗಬಹುದು. ಎಲ್ಲ ಕಡೆ ಕನಿಷ್ಠ 60 ಥೌ ಸಂದು ಬೇಕು. ಅಷ್ಟೇಕೆ ಎಂದರೆ, 5,500 ಆರ್‌ಪಿಎಂನಲ್ಲಿ ರಾಡ್ ಹಿಗ್ಗುತ್ತದೆ, ಕ್ರ್ಯಾಂಕ್ ಬಳುಕುತ್ತದೆ. ಕೈಯಲ್ಲಿ ತಿರುಗಿಸಿದಾಗ ತಾಗದಿದ್ದದ್ದು ಓಡುವಾಗ ತಾಗುತ್ತದೆ. ಸಂದು ಸಾಲದ ಜಾಗಕ್ಕೆ ಮಾರ್ಕರ್ ಹಚ್ಚಿ. ಎರಕ ಎಲ್ಲೆಡೆ ಒಂದೇ ಸಮ ಇರುವುದಿಲ್ಲ, ಆದ್ದರಿಂದ ಒಂದನೆಯ ಸಿಲಿಂಡರ್ ನೋಡಿ ಉಳಿದವನ್ನು ಊಹಿಸಬೇಡಿ. ಕ್ರ್ಯಾಂಕ್ ತೆಗೆದು ಕಾರ್ಬೈಡ್ ಬರ್ರಿನಿಂದ ಬ್ಲಾಕನ್ನು ಉಜ್ಜಿ, ಮತ್ತೆ ಜೋಡಿಸಿ ನೋಡಿ. ಒಂದೇ ಸಲಕ್ಕೆ ಆಳಕ್ಕೆ ಹೋಗಬೇಡಿ, ಹಿಂದೆಯೇ ನೀರಿನ ಜಾಕೆಟ್ ಇದೆ. ಶ್ರಮ ಉಳಿಯಲೆಂದು ರಾಡ್ ಬೋಲ್ಟನ್ನೇ ಉಜ್ಜುವವರಿದ್ದಾರೆ. ಆ ಬೋಲ್ಟ್ ತುಂಡಾದರೆ ರಾಡ್ ಬ್ಲಾಕ್ ಒಡೆದುಕೊಂಡು ಹೊರಬರುತ್ತದೆ.

ಇಷ್ಟಕ್ಕೆ ಮುಗಿಯಲಿಲ್ಲ. ಹಿಂದಿನ ಕೌಂಟರ್‌ವೇಟಿಗೂ ಆಯಿಲ್ ಪಂಪಿಗೂ ನಡುವೆ ನೋಡಿ. ಪ್ಯಾನನ್ನು ಗ್ಯಾಸ್ಕೆಟ್ ಸಮೇತ ಇಟ್ಟು ತಿರುಗಿಸಿ, ವಿಂಡೇಜ್ ಟ್ರೇಗೆ (ಕ್ರ್ಯಾಂಕ್ ಎಣ್ಣೆ ಕಲಕದಂತೆ ತಡೆಯುವ ತಗಡಿಗೆ) ರಾಡ್ ತಾಗುತ್ತದೆಯೇ ನೋಡಿ. ಕಾರ್ಖಾನೆಯ ಟ್ರೇ ತಾಗುವುದೇ ಹೆಚ್ಚು, ಸ್ಟ್ರೋಕರಿಗೆಂದೇ ಮಾಡಿದ ಪ್ಯಾನ್ ಕೊಳ್ಳಿ. ಪಂಪಿನ ಪಿಕಪ್ (ಎಣ್ಣೆ ಹೀರುವ ಬಾಯಿ) ಪ್ಯಾನ್ ತಳಕ್ಕಿಂತ 1/4ರಿಂದ 3/8 ಇಂಚು ಮೇಲಿರಲಿ.

ಕೊನೆಗೆ ನಿಜವಾಗಿ ಬಳಸುವ ಕ್ಯಾಮ್ (ವಾಲ್ವ್ ತೆರೆಯಿಸುವ ದಂಡ), ಚೈನು, ಹೆಡ್ ಹಾಕಿ ವಾಲ್ವಿಗೂ ಪಿಸ್ಟನ್ನಿಗೂ ಇರುವ ಸಂದು ಅಳೆಯಿರಿ. ಇನ್‌ಟೇಕ್ 80 ಥೌ, ಎಕ್ಸಾಸ್ಟ್ 100 ಥೌ. ಹೈಡ್ರಾಲಿಕ್ ಟ್ಯಾಪೆಟ್ (ಕ್ಯಾಮಿನ ಮೇಲೆ ಕೂರುವ, ಎಣ್ಣೆ ತುಂಬಿದ ಕೊಂಡಿ) ಒತ್ತಿಹೋಗಿ ಸುಳ್ಳು ಅಳತೆ ಕೊಡುತ್ತದೆ, ಹಾಗಾಗಿ ಈ ಪರೀಕ್ಷೆಗೆ ಗಟ್ಟಿ ಟ್ಯಾಪೆಟ್ ಮತ್ತು ಮೆತ್ತನೆಯ ಸ್ಪ್ರಿಂಗ್ ಬೇಕು.

ಹಂತ 4: ಬ್ಯಾಲೆನ್ಸ್

ಪಿಸ್ಟನ್ನಿನ ಕೆತ್ತನೆಯೆಲ್ಲ ಮುಗಿದ ಮೇಲೆಯೇ ಬ್ಯಾಲೆನ್ಸಿಂಗ್. ಕಾರ್ಖಾನೆಯ 454ರ ಡ್ಯಾಂಪರ್ (ಕ್ರ್ಯಾಂಕಿನ ಮುಂತುದಿಯ ನಡುಕ ತಡೆಯುವ ಚಕ್ರ) ಮತ್ತು ಫ್ಲೈವೀಲಿನಲ್ಲಿ ಹೆಚ್ಚುವರಿ ತೂಕ ಇರುತ್ತದೆ. ಹೊಸ ಕ್ರ್ಯಾಂಕ್ ಇಂಟರ್ನಲ್ ಬ್ಯಾಲೆನ್ಸಿನದಾದರೆ (ಸಮತೋಲದ ತೂಕವೆಲ್ಲ ಕ್ರ್ಯಾಂಕಿನಲ್ಲೇ ಇದ್ದರೆ) ಅವೆರಡನ್ನೂ ಬದಲಿಸಲೇಬೇಕು. ಹಳೆಯದನ್ನೇ ಸಿಕ್ಕಿಸಿದರೆ ನಡುಕ ಹುಟ್ಟಿ ಮೇನ್ ಬೇರಿಂಗ್ ಹೊಡೆದುಹೋಗುತ್ತದೆ.

ಹಂತ 5: ತೊಳೆದು ಕೊನೆಯ ಜೋಡಣೆ

ಬಿಸಿನೀರು, ಸೋಪು, ಉದ್ದನೆಯ ಬ್ರಷ್. ಆಯಿಲ್ ದಾರಿಗಳ ಪ್ಲಗ್ ತೆಗೆದೇ ತೊಳೆಯಿರಿ. ಎಣ್ಣೆ ಹಚ್ಚಿದ ಬಿಳಿ ಬಟ್ಟೆಯಿಂದ ಬೋರ್ ಒರೆಸಿದಾಗ ಬಟ್ಟೆ ಬಿಳಿಯಾಗಿಯೇ ಉಳಿಯುವ ತನಕ ಬಿಡಬೇಡಿ. ಮೇಲಿನ ರಿಂಗಿನ ಬಾಯಿ 20 ಥೌ, ಎರಡನೆಯದು 22ರಿಂದ 24. ಬಾಯಿ ಕಿರಿದಾದರೆ ಬಿಸಿಯಲ್ಲಿ ತುದಿಗಳು ಕೂಡಿ ಪಿಸ್ಟನ್ ಅಂಚು ಒಡೆಯುತ್ತದೆ. ಹಿಂದಿನ ಸೀಲಿನ ಎರಡು ತುದಿಗಳನ್ನು ಕ್ಯಾಪಿನ ಗೆರೆಯಿಂದ ಸ್ವಲ್ಪ ಜರುಗಿಸಿ ಕೂರಿಸಿ. ರಾಡ್ ಬೋಲ್ಟನ್ನು ಟಾರ್ಕ್ ನೋಡಿ ಅಲ್ಲ, ಸ್ಟ್ರೆಚ್ ಗೇಜಿನಿಂದ ಬಿಗಿಯಿರಿ. ಟೈಮಿಂಗ್ ಕವರ್, ನೀರಿನ ಪಂಪ್ ಯಾರು ಬೇಕಾದರೂ ಹಾಕಬಹುದು.

ಹಂತ 6: ಉಸಿರಾಟ

ಓವಲ್ ಪೋರ್ಟ್ (ಗಾಳಿ ಒಳಬರುವ ದಾರಿ ಮೊಟ್ಟೆಯಾಕಾರದ) ಹೆಡ್, ಡ್ಯುಯಲ್ ಪ್ಲೇನ್ ಮ್ಯಾನಿಫೋಲ್ಡ್, 850 ಸಿಎಫ್‌ಎಂ ಕಾರ್ಬ್ಯುರೇಟರ್, 50 ಥೌ ಲಿಫ್ಟಿನಲ್ಲಿ 230ರಿಂದ 236 ಡಿಗ್ರಿಯ ಹೈಡ್ರಾಲಿಕ್ ರೋಲರ್ ಕ್ಯಾಮ್. ಕಾರ್ಖಾನೆಯ ದೊಡ್ಡ ರೆಕ್ಟ್ಯಾಂಗಲ್ ಪೋರ್ಟ್ ರೇಸಿಗೆ ಸರಿ, ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಓಡುವ ಕಾರಿಗಲ್ಲ. ಹೊಂದಿಕೆ ಸರಿಯಿದ್ದರೆ 500 ಅಶ್ವಶಕ್ತಿ ಕಷ್ಟವಲ್ಲ.

ಹಂತ 7: ಮೊದಲ ಸ್ಟಾರ್ಟ್

ಡಿಸ್ಟ್ರಿಬ್ಯೂಟರ್ ಕೂರಿಸುವ ಮುನ್ನ ಪ್ರೈಮಿಂಗ್ ಕಡ್ಡಿಯನ್ನು ಡ್ರಿಲ್ಲಿಗೆ ಸಿಕ್ಕಿಸಿ, ಆಯಿಲ್ ಪಂಪನ್ನು ಪ್ರದಕ್ಷಿಣೆಯಾಗಿ ತಿರುಗಿಸಿ, ರಾಕರ್‌ಗಳಲ್ಲೆಲ್ಲ ಎಣ್ಣೆ ಕಾಣುವವರೆಗೆ. ಪಂಪ್ ಶಾಫ್ಟಿನ ಪ್ಲಾಸ್ಟಿಕ್ ತೋಳನ್ನು ಎಸೆದು ಉಕ್ಕಿನ ತೋಳಿನ ಶಾಫ್ಟ್ ಹಾಕಿರಬೇಕು. ಫೈರಿಂಗ್ ಕ್ರಮ 1-8-4-3-6-5-7-2. ಒಟ್ಟು ಟೈಮಿಂಗ್ (ಪಿಸ್ಟನ್ ಮೇಲೆ ತಲುಪುವ ಎಷ್ಟು ಮುಂಚೆ ಕಿಡಿ ಹಾರಬೇಕು ಎಂಬುದು) 34 ಡಿಗ್ರಿಯಿಂದ ಆರಂಭಿಸಿ, ನಾಕಿಂಗ್ ಇಲ್ಲದಿದ್ದರೆ 36. ರೋಲರ್ ಬಿಟ್ಟು ಫ್ಲ್ಯಾಟ್ ಟ್ಯಾಪೆಟ್ ಕ್ಯಾಮ್ ಹಾಕಿದವರು ಸತು ಹೆಚ್ಚಿರುವ ಬ್ರೇಕ್-ಇನ್ ಎಣ್ಣೆ ತುಂಬಿ, 2,000ದಿಂದ 2,500 ಆರ್‌ಪಿಎಂನಲ್ಲಿ ಇಪ್ಪತ್ತು ನಿಮಿಷ ಓಡಿಸಬೇಕು, ನಡುವೆ ಐಡಲ್‌ಗೆ ಇಳಿಸಕೂಡದು. ತಣ್ಣಗಾದ ಮೇಲೆ ಎಣ್ಣೆ ಬಸಿದು, ಫಿಲ್ಟರ್ ಕತ್ತರಿಸಿ ಮಡಿಕೆಗಳನ್ನು ಬಿಡಿಸಿ ನೋಡಿ. ಸಣ್ಣ ಬೂದು ಪುಡಿ ಸಹಜ. ತಾಮ್ರದ ಬಣ್ಣದ ಚೂರು ಕಂಡರೆ ಮತ್ತೆ ಸ್ಟಾರ್ಟ್ ಮಾಡದೆ ಪ್ಯಾನ್ ಇಳಿಸಿ ಬೇರಿಂಗ್ ನೋಡಿ.