53ನೆಯ ಪೋರ್ಟ್ ಯಾರ ಕೈಯಲ್ಲಿತ್ತು

ಬದಿಯಡ್ಕದ ಸಮೀಪದ ನಮ್ಮ ಮನೆಯ ಚಾವಡಿಯಲ್ಲಿ ಹಳೆಯ ಲ್ಯಾಪ್‌ಟಾಪೊಂದು ಉಬುಂಟು 22.04 ಎಂಬ ಲಿನಕ್ಸ್ ಹಾಕಿಸಿಕೊಂಡು ಸರ್ವರ್ ಆಗಿ ಕೆಲಸ ಮಾಡುತ್ತಿದೆ. ಅಡಿಕೆ ತೋಟದ ಲೆಕ್ಕಪತ್ರ, ಮನೆಯವರ ಫೋಟೋಗಳು ಎಲ್ಲವೂ ಅದರಲ್ಲಿವೆ. ತಂದೆಯವರು ಮೊಬೈಲಿನಲ್ಲಿ ಪತ್ರಿಕೆ ಓದುವಾಗ ಸುದ್ದಿಗಿಂತ ಜಾಹೀರಾತೇ ಹೆಚ್ಚು ಕಾಣಿಸುತ್ತಿದ್ದುದರಿಂದ, ಮನೆಯ ಎಲ್ಲ ಫೋನುಗಳಿಗೂ ಒಂದೇ ಕಡೆ ಜಾಹೀರಾತು ತಡೆಯುವ ಪೈ-ಹೋಲನ್ನು, ತಂತ್ರಾಂಶಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಪೆಟ್ಟಿಗೆಗಳಲ್ಲಿ ಓಡಿಸುವ ಡಾಕರ್ ಮೂಲಕ ಅದರಲ್ಲಿ ನಡೆಸಲು ಹೊರಟೆ. ಕಂಟೇನರ್ ಆರಂಭವಾಗಲಿಲ್ಲ. 53ನೆಯ ಪೋರ್ಟ್, ಅಂದರೆ ಜಾಲದ ಸಂದೇಶಗಳು ಒಳಬರುವ ಆ ಸಂಖ್ಯೆಯ ಬಾಗಿಲು, ಈಗಾಗಲೇ ಬಳಕೆಯಲ್ಲಿದೆ ಎಂಬ ಸಂದೇಶ ಮಾತ್ರ ಬಂತು.

ಡಿಎನ್‌ಎಸ್ ಎಂದರೆ ಜಾಲತಾಣದ ಹೆಸರಿಗೆ ಅದರ ಅಂಕಿವಿಳಾಸ ಹುಡುಕಿಕೊಡುವ ಸೇವೆ; ಅದಕ್ಕೆ ಯುಡಿಪಿ, ಟಿಸಿಪಿ ಎಂಬ ಸಂದೇಶ ಸಾಗಿಸುವ ಎರಡೂ ವಿಧಾನಗಳಲ್ಲಿ ಗೊತ್ತುಪಡಿಸಿದ ಪೋರ್ಟ್ 53. ಅದನ್ನು ಹಿಡಿದವರು ಯಾರೆಂದು ‘ಎಸ್‌ಎಸ್’ ಕಮಾಂಡಿನಿಂದ ನೋಡಿದಾಗ, 127.0.0.53 ಎಂಬ ಒಳವಿಳಾಸದ ಎದುರು ಸಿಸ್ಟಮ್‌ಡಿ-ರಿಸಾಲ್ವ್‌ಡ್ ಹೆಸರು ಕಾಣಿಸಿತು. ಉಬುಂಟು ತನ್ನದೇ ಹೆಸರು ಹುಡುಕಾಟಕ್ಕೆ ಇಟ್ಟುಕೊಂಡಿರುವ ಸೇವೆ ಅದು. ಡಾಕರ್, ಸರ್ವರಿನ ಎಲ್ಲ ವಿಳಾಸಗಳಲ್ಲೂ 53 ತನಗೇ ಬೇಕೆನ್ನುವುದರಿಂದ ಈ ಒಂದು ವಿಳಾಸದ ಅಡ್ಡಿಯೇ ಸಾಕಾಯಿತು.

ನಾನು ಅವಸರದಲ್ಲಿ ಆ ಸೇವೆಯನ್ನೇ ನಿಲ್ಲಿಸಿಬಿಟ್ಟೆ. ಪೈ-ಹೋಲ್ ಓಡತೊಡಗಿತು, ಕೆಲವು ದಿನ ಯಾವ ತೊಂದರೆಯೂ ಕಾಣಲಿಲ್ಲ. ಹೊಸ ಆವೃತ್ತಿ ಹಾಕಲೆಂದು ಕಂಟೇನರನ್ನು ಕೆಳಗಿಳಿಸಿದ ದಿನ ಮಾತ್ರ ಸರ್ವರಿಗೆ ಯಾವ ಹೆಸರೂ ಸಿಗದಾಯಿತು: ಗೂಗಲಿನ 8.8.8.8 ವಿಳಾಸಕ್ಕೆ ಪಿಂಗ್ (ಸಂಪರ್ಕ ಪರೀಕ್ಷೆ) ಹೋಗುತ್ತಿತ್ತು, ಹೆಸರು ಕೊಟ್ಟರೆ ಹೋಗುತ್ತಿರಲಿಲ್ಲ, ಆದ್ದರಿಂದ ಹೊಸ ಆವೃತ್ತಿಯನ್ನು ಇಳಿಸಿಕೊಳ್ಳುವುದೂ ಸಾಧ್ಯವಾಗಲಿಲ್ಲ. ಕಾರಣ ಹುಡುಕಲು ಸಂಜೆಯಿಡೀ ಹಿಡಿಯಿತು. ‘ರಿಸಾಲ್ವ್.ಕಾನ್ಫ್’ ಎಂಬ, ಹೆಸರುಗಳನ್ನು ಯಾರಲ್ಲಿ ಕೇಳಬೇಕೆಂದು ಯಂತ್ರಕ್ಕೆ ಹೇಳುವ ಕಡತವು ಇನ್ನೂ 127.0.0.53ನ್ನೇ ತೋರಿಸುತ್ತಿತ್ತು, ಮತ್ತು ಅಷ್ಟು ದಿನವೂ ಆ ವಿಳಾಸಕ್ಕೆ ಹೋದ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದುದು ಪೈ-ಹೋಲೇ ಆಗಿತ್ತು.

ಆಗ ರಿಸಾಲ್ವ್‌ಡ್ ಸೇವೆಯನ್ನು ಮತ್ತೆ ಆರಂಭಿಸಿ, ಪೈ-ಹೋಲಿಗೆ ಸರ್ವರಿನ ಮನೆಜಾಲದ ವಿಳಾಸವಾದ 192.168.1.10ರ 53ನ್ನು ಮಾತ್ರ ಕೊಟ್ಟು ನೋಡಿದೆ. ಇಬ್ಬರ ವಿಳಾಸಗಳೂ ಬೇರೆಯಾದ್ದರಿಂದ ಘರ್ಷಣೆ ತಪ್ಪಿತು. ಆದರೆ ನಮ್ಮ ಕಡೆ ಆಟಿ ತಿಂಗಳ ಮಳೆಗೆ ಕರೆಂಟು ಹೋಗುವುದು ಸಾಮಾನ್ಯ, ಲ್ಯಾಪ್‌ಟಾಪಿನ ಬ್ಯಾಟರಿಯೋ ಸತ್ತು ವರ್ಷಗಳಾಗಿವೆ. ಕರೆಂಟು ಬಂದಾಗ ರೂಟರ್ ಸಿದ್ಧವಾಗುವ ಮೊದಲೇ ಡಾಕರ್ ಎದ್ದು, ಆ ವಿಳಾಸ ಇನ್ನೂ ಯಂತ್ರಕ್ಕೆ ಬಂದಿರದ ಕಾರಣ ಕಂಟೇನರ್ ಮತ್ತೆ ಬೀಳುತ್ತಿತ್ತು. ರೂಟರಿಗೆ ಯುಪಿಎಸ್ ಇರುವವರಿಗೆ ಈ ದಾರಿಯೇ ಸುಲಭವೆಂದು ಈಗಲೂ ಹೇಳುತ್ತೇನೆ.

ಕೊನೆಗೆ ‘ರಿಸಾಲ್ವ್‌ಡ್.ಕಾನ್ಫ್.ಡಿ’ ಕಡತಕೋಶದಲ್ಲಿ ಚಿಕ್ಕ ಕಡತವೊಂದನ್ನು ಮಾಡಿ, ರಿಸಾಲ್ವ್ ವಿಭಾಗದ ಕೆಳಗೆ ‘ಡಿಎನ್‌ಎಸ್‌ಸ್ಟಬ್‌ಲಿಸನರ್=ನೋ’ ಎಂದೂ ‘ಡಿಎನ್‌ಎಸ್=9.9.9.9’ ಎಂದೂ ಬರೆದೆ. ಮೊದಲಿನದು 53ನ್ನು ಹಿಡಿಯಬೇಡ ಎನ್ನುತ್ತದೆ, ಎರಡನೆಯದು ಹೆಸರುಗಳನ್ನು ಕ್ವಾಡ್9 ಎಂಬ ಸಾರ್ವಜನಿಕ ಸೇವೆಯಲ್ಲಿ ಕೇಳು ಎನ್ನುತ್ತದೆ. ಮೂಲ ಕಡತವನ್ನು ಮುಟ್ಟದಿದ್ದರೆ ಮುಂದಿನ ಅಪ್‌ಡೇಟಿನಲ್ಲಿ ಗೊಂದಲವಾಗುವುದಿಲ್ಲ. ಬಳಿಕ ‘ರಿಸಾಲ್ವ್.ಕಾನ್ಫ್’ ಕೊಂಡಿಯನ್ನು 127.0.0.53 ಎಂದು ಬರೆದಿರುವ ಸ್ಟಬ್ ಕಡತದಿಂದ ಬಿಡಿಸಿ, ಆ ಸ್ಟಬ್ ಇರುವ ಕೋಶದಲ್ಲೇ ರಿಸಾಲ್ವ್‌ಡ್ ಬರೆದಿಡುವ ನಿಜವಾದ ಸರ್ವರ್ ಪಟ್ಟಿಗೆ ಜೋಡಿಸಿದೆ. ಆ ಕೊಂಡಿ 127.0.0.53ನ್ನೇ ತೋರಿಸುತ್ತಾ ಉಳಿದರೆ ಮೊದಲಿನ ಕಷ್ಟವೇ ಮರಳುತ್ತದೆ.

ಸೇವೆಯನ್ನು ಮರುಆರಂಭಿಸಿ, ಪೈ-ಹೋಲಿಗೆ ಮತ್ತೆ ಎಲ್ಲ ವಿಳಾಸಗಳ 53ನ್ನೂ ಕೊಟ್ಟೆ. ಅದನ್ನು ಬೇಕೆಂದೇ ನಿಲ್ಲಿಸಿ, ಹೆಸರು ಹುಡುಕಿ ನೋಡುವ ‘ಡಿಗ್’ ಕಮಾಂಡ್ ಹಾಕಿದಾಗ ಸರ್ವರಿಗೆ ಉತ್ತರ 9.9.9.9ರಿಂದ ಬಂತು. ಆಮೇಲೆ ಮನೆಯ ಮೇನ್ ಸ್ವಿಚ್ಚನ್ನೇ ಆರಿಸಿ ಮತ್ತೆ ಹಾಕಿದೆ. ರೂಟರಿನ ದೀಪಗಳು ಒಂದೊಂದಾಗಿ ಹಸಿರಾಗುವಷ್ಟರಲ್ಲಿ ಪೈ-ಹೋಲ್ ತಾನಾಗಿಯೇ ಎದ್ದು ಕುಳಿತಿತ್ತು.