ಗಂಟಿನಿಂದ ಬರೀ ನೀರು ಬಂದಾಗ

ನಾನು ಪೆಥಾಲಜಿಸ್ಟ್, ಅಂದರೆ ಗಂಟಿನಿಂದ ಸೂಜಿಯಲ್ಲಿ ತೆಗೆದ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗ ಗುರುತಿಸುವ ಡಾಕ್ಟರ್. ಮನೆ ಬದಿಯಡ್ಕದ ಕಡೆ, ಕೆಲಸ ಕಾಸರಗೋಡಿನಲ್ಲಿ. "ಸ್ವಲ್ಪ ಹೊತ್ತು ಉಗುಳು ನುಂಗಬೇಡಿ" ಅನ್ನುವ ಒಂದು ಮಾತನ್ನು ಒಂದೇ ಬೆಳಿಗ್ಗೆ ಕನ್ನಡ, ತುಳು, ಮಲಯಾಳ ಮೂರರಲ್ಲೂ ಹೇಳಬೇಕಾಗುತ್ತದೆ. ಥೈರಾಯ್ಡ್ ಗಂಟಿಗೆ ಸೂಜಿ ಹಾಕಿದಾಗ ರೋಗಿ ನುಂಗಿದರೆ ಗಂಟು ಮೇಲೆ ಸರಿಯುತ್ತದೆ, ಸೂಜಿ ಅಲ್ಲೇ ಇರುತ್ತದೆ, ಆಮೇಲೆ ಬರುವುದು ಬರೀ ರಕ್ತ.

ಕಾಲೇಜಿನಲ್ಲಿ 10 ಎಂಎಲ್ ಸಿರಿಂಜ್ ಹಾಕಿ ಎಳೆಯಲು ಕಲಿಸಿದ್ದರು. ಥೈರಾಯ್ಡಿಗೆ ಈಗ ನಾನು ಹಾಗೆ ಎಳೆಯುವುದಿಲ್ಲ. 23 ಗೇಜಿನ ಸೂಜಿಯನ್ನು ಮಾತ್ರ ಬೆರಳಲ್ಲಿ ಹಿಡಿದು, ಗಂಟಿನೊಳಗೆ ಐದಾರು ಸೆಕೆಂಡ್ ಹಿಂದೆ ಮುಂದೆ ಆಡಿಸಿ ತೆಗೆಯುತ್ತೇನೆ. ಜೀವಕೋಶಗಳು ತಾವಾಗಿಯೇ ಸೂಜಿಯೊಳಗೆ ಏರುತ್ತವೆ, ರಕ್ತ ಕಡಿಮೆ. ಆಮೇಲೆ ಗಾಳಿ ತುಂಬಿದ ಸಿರಿಂಜ್ ಸಿಕ್ಕಿಸಿ ಸ್ಲೈಡಿನ ಮೇಲೆ ಊದುವುದು. ಜೀವಕೋಶ ಎದ್ದು ಕಾಣಲು ಹಾಕುವ ಪ್ಯಾಪ್ ಬಣ್ಣಕ್ಕೆ ಬೇಕಾದ ಸ್ಲೈಡ್ ಹರಡಿದ ಕೂಡಲೇ 95% ಆಲ್ಕೋಹಾಲಿಗೆ ಬೀಳಬೇಕು. ಗೀಮ್ಸಾ ಅನ್ನುವ ಇನ್ನೊಂದು ಬಣ್ಣಕ್ಕೆ ಬೇಕಾದದ್ದು ಬೇಗ ಒಣಗಬೇಕು. ಆಟಿ ತಿಂಗಳ ಮಳೆಯಲ್ಲಿ ನಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಸ್ಲೈಡ್? ಅದಕ್ಕೇ ಒಂದು ಪುಟ್ಟ ಟೇಬಲ್ ಫ್ಯಾನ್ ಇಟ್ಟಿದ್ದೇನೆ.

ಬೆರಳಿಗೆ ಮಿಡಿತ ಸಿಗುವ ಗಂಟಿಗೆ ಮೊದಲು ಸ್ಕ್ಯಾನ್, ಸೂಜಿ ಆಮೇಲಿನ ಮಾತು. ಲಿಂಫೋಮಾ (ದುಗ್ಧಗ್ರಂಥಿಯ ಕ್ಯಾನ್ಸರ್) ಅಂತ ಸಂಶಯ ಬಂದರೆ ಈ ಸಣ್ಣ ಸೂಜಿಯನ್ನೇ ನಂಬಿ ಕೂರಬಾರದು, ದಪ್ಪ ಸೂಜಿಯಿಂದ ಸಣ್ಣ ತುಂಡು ತೆಗೆಯುವ ಕೋರ್ ಬಯಾಪ್ಸಿ ಮಾಡಿಸಬೇಕು ಅಥವಾ ಇಡೀ ಗಂಟನ್ನೇ ತೆಗೆಸಬೇಕು.

ಈಗ ನಾನು ತಪ್ಪಿದ್ದನ್ನು ಹೇಳುತ್ತೇನೆ. ಸುಮಾರು 55 ವರ್ಷದ ಒಬ್ಬರು, ದವಡೆಯ ಕೆಳಗೆ ಮೆತ್ತಗಿನ ಗಂಟು. ಸೂಜಿ ಹಾಕಿದೆ, ಆರು ಎಂಎಲ್‌ನಷ್ಟು ಕಂದು ಬಣ್ಣದ ರಾಡಿ ನೀರು ಬಂತು. ಗಂಟು ಹೆಚ್ಚುಕಡಿಮೆ ಇಳಿದೇ ಹೋಯಿತು. "ನೀರು ಹೋಯ್ತಲ್ಲ ಡಾಕ್ಟ್ರೇ, ಇನ್ನೆಂತ ಉಂಟು?" ಅಂದರು, ನನಗೂ ಹಾಗೇ ಅನ್ನಿಸಿತ್ತು. ಒಂದು ಹನಿ ಸ್ಲೈಡಿಗೆ ಹಾಕಿ ನೋಡಿ, ಮಿಕ್ಕಿದ್ದನ್ನು ಚೆಲ್ಲಿದೆ. ಕಂಡದ್ದು ಕಸ, ಕಸ ನುಂಗುವ ಮ್ಯಾಕ್ರೋಫೇಜ್ ಜೀವಕೋಶಗಳು ಒಂದಷ್ಟು. ಹುಟ್ಟಿನಿಂದಲೇ ಇದ್ದ ಸಿಸ್ಟ್ (ನೀರಿನ ಚೀಲ) ಇರಬಹುದು ಅಂತ ಬರೆದುಬಿಟ್ಟೆ.

ಎರಡು ತಿಂಗಳಿಗೆ ಅವರು ವಾಪಸ್ ಬಂದರು, ಗಂಟೂ ವಾಪಸ್, ಈ ಸಲ ಗಟ್ಟಿ. ಅಲ್ಟ್ರಾಸೌಂಡ್ ನೋಡಿಕೊಂಡು, ನೀರನ್ನು ಬಿಟ್ಟು ಗೋಡೆಯಲ್ಲಿದ್ದ ದಪ್ಪ ಭಾಗಕ್ಕೇ ಚುಚ್ಚಿದೆವು. ಪ್ಯಾಪ್ ಸ್ಲೈಡಿನಲ್ಲಿ ಕಿತ್ತಳೆ ಬಣ್ಣದ, ಬಾಲ ಇರುವ ಜೀವಕೋಶಗಳು, ಒಳಗೆ ಕಪ್ಪಗೆ ವಕ್ರವಾದ ನ್ಯೂಕ್ಲಿಯಸ್. ಸ್ಕ್ವೇಮಸ್ ಕ್ಯಾನ್ಸರ್, ಬಾಯಿ ಗಂಟಲಿನ ಒಳಪದರದಲ್ಲಿ ಹುಟ್ಟುವಂಥದ್ದು. ಮೂಲ ನಾಲಿಗೆಯ ಬುಡದಲ್ಲಿತ್ತು. ಆ ಸಂಜೆ ಹಳೆಯ ಸ್ಲೈಡನ್ನು ಹುಡುಕಿ ತೆಗೆದೆ. ಅಂಚಿನಲ್ಲಿ, ಕಸದ ಮಧ್ಯೆ, ಅಂಥವೇ ಎರಡು ಕೂತಿದ್ದವು. ಊಟಕ್ಕೆ ಹೋಗಲು ಮನಸ್ಸಾಗಲಿಲ್ಲ.

ನಲವತ್ತು ದಾಟಿದವರ ಕುತ್ತಿಗೆಯಲ್ಲಿ ನೀರು ತುಂಬಿದ ಗಂಟು ಕಂಡರೆ, ಬೇರೆ ಅಂತ ಸಾಬೀತಾಗುವ ತನಕ ಅದು ಹರಡಿದ ಕ್ಯಾನ್ಸರ್ ಅಂತಲೇ ನೋಡಬೇಕು. ಇದು ನನಗೆ ಪುಸ್ತಕದಲ್ಲಿ ಗೊತ್ತಿದ್ದ ವಿಷಯವೇ ಆಗಿತ್ತು, ಅಲ್ವಾ? ಈಗ ಬಂದ ನೀರನ್ನು ಪೂರ್ತಿ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಜೋರಾಗಿ ತಿರುಗಿಸಿ ತಳದಲ್ಲಿ ಕೂತದ್ದನ್ನು ನೋಡುತ್ತೇನೆ. ನೀರು ತೆಗೆದ ಮೇಲೆ ಮತ್ತೆ ಬೆರಳಿಟ್ಟು ಒತ್ತಿ, ಏನಾದರೂ ಉಳಿದಿದ್ದರೆ ಅಲ್ಲಿಗೇ ಇನ್ನೊಮ್ಮೆ ಚುಚ್ಚುತ್ತೇನೆ. ಏನೂ ಸಿಗದಿದ್ದರೂ 'ಬಾಯಿ, ಗಂಟಲು ಪರೀಕ್ಷೆ ಆಗಲಿ' ಅಂತ ರಿಪೋರ್ಟಿನಲ್ಲಿ ಬರೆಯುತ್ತೇನೆ.

ಎಲೆ ಅಡಿಕೆ, ಬೀಡಿ ಎಲ್ಲ ಕೇಳುತ್ತೇನೆ. ಹೊಗೆಸೊಪ್ಪು ಇಲ್ಲದೆ ಬರೀ ಅಡಿಕೆಯೂ ಕ್ಯಾನ್ಸರಿಗೆ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಪ್ರಕಟಿಸಿದೆ ಅಂದರೆ ನಮ್ಮೂರವರ ಮುಖ ಸಣ್ಣಗಾಗುತ್ತದೆ. ನಮ್ಮ ಮನೆಯದ್ದೂ ಅಡಿಕೆ ತೋಟವೇ, ಆದರೂ ಹೇಳುತ್ತೇನೆ. ಇನ್ನೊಂದು ಪ್ರಶ್ನೆ ದಿನಾ ಬರುತ್ತದೆ, "ಸೂಜಿ ಹಾಕಿದ್ರೆ ಹರಡ್ತದಾ?" ಇಷ್ಟು ಸಣ್ಣ ಸೂಜಿಯಿಂದ ಹಾಗಾಗುವುದು ತೀರಾ ಅಪರೂಪ ಅನ್ನುತ್ತೇನೆ. ಅವರು ತಲೆಯಾಡಿಸಿ ಕುತ್ತಿಗೆ ಎತ್ತುತ್ತಾರೆ, ಕಣ್ಣು ಮಾತ್ರ ಸೂಜಿಯ ಮೇಲೇ.